ಮಣ್ಣು ಆರೋಗ್ಯ ಚೀಟಿಯಲ್ಲಿ ಎರೆಹುಳುವಿಗೂ ಒಂದು ಸಾಲು ಕೊಡಿ

ಇವರಿಗೆ,
ಜಂಟಿ ಕೃಷಿ ನಿರ್ದೇಶಕರು,
ದಾವಣಗೆರೆ ಮತ್ತು ಚಿತ್ರದುರ್ಗ ಜಿಲ್ಲೆಗಳು.

ವಿಷಯ: ಕೀಟನಾಶಕ, ಶಿಲೀಂಧ್ರನಾಶಕಗಳಿಂದ ಹೊಲದ ಎರೆಹುಳುಗಳಿಗೆ ಆಗುತ್ತಿರುವ ಹಾನಿ, ಮತ್ತು ಅದನ್ನು ಲೆಕ್ಕಕ್ಕೆ ತೆಗೆದುಕೊಳ್ಳುವಂತೆ ಮನವಿ.

ಮಾನ್ಯರೇ,

ಭತ್ತದ ಸಸಿ ಮಡಿಗೆ ಕಾರ್ಬೊಫ್ಯುರಾನ್ ಎಂಬ ಕೀಟನಾಶಕದ ಹರಳು ಎರಚಿದ ಮರುದಿನ ಬೆಳಿಗ್ಗೆ ಪಕ್ಕದ ಬದುವಿನ ಮೇಲೆ ನಿಧಾನವಾಗಿ ನಡೆದು ನೋಡಿ. ಬೆಳಕು ಕಂಡರೆ ಮಣ್ಣಿಗಿಳಿಯಬೇಕಾದ ಎರೆಹುಳುಗಳು ಹಾಡುಹಗಲೇ ಮೇಲೆ ಬಂದು ಬಿದ್ದಿರುತ್ತವೆ. ಕೆಲವು ಸುರುಳಿ ಸುತ್ತಿಕೊಂಡು, ಬಿಚ್ಚಿಕೊಳ್ಳಲಾರದೆ ಹೊರಳುತ್ತಿರುತ್ತವೆ. ಇನ್ನು ಕೆಲವುಗಳ ಮೈ ಅಲ್ಲಲ್ಲಿ ಗಂಟಿನಂತೆ ಊದಿಕೊಂಡಿರುತ್ತದೆ. ಕಡ್ಡಿಯಿಂದ ಮುಟ್ಟಿದರೆ ಆ ಜಾಗದಲ್ಲೇ ತುಂಡಾಗುತ್ತದೆ. ಅವನ್ನು ಹೆಕ್ಕಲು ಬರುವ ಗೊರವಂಕ, ಬೆಳ್ಳಕ್ಕಿಗಳ ಹೊಟ್ಟೆಗೂ ಅದೇ ವಿಷ ಹೋಗುತ್ತದೆ. ಎರಡು ಮೂರು ದಿನ ಕಳೆದರೆ ಅಲ್ಲಿ ಏನೂ ಕಾಣುವುದಿಲ್ಲ. ಇರುವೆಗಳು ಎಳೆದುಕೊಂಡು ಹೋಗಿರುತ್ತವೆ, ಉಳಿದದ್ದು ಮಣ್ಣಿನಲ್ಲಿ ಕರಗಿರುತ್ತದೆ. ಹೀಗಾಗಿ ಈ ಸಾವು ಯಾರ ಕಣ್ಣಿಗೂ ಬೀಳುವುದಿಲ್ಲ, ಯಾವ ಕಡತಕ್ಕೂ ಏರುವುದಿಲ್ಲ.

ಭದ್ರಾ ಅಚ್ಚುಕಟ್ಟಿನ ಭತ್ತದ ಗದ್ದೆ, ಜಗಳೂರು ಮತ್ತು ದಾವಣಗೆರೆ ತಾಲ್ಲೂಕಿನ ಮೆಕ್ಕೆಜೋಳದ ಹೊಲ, ಚನ್ನಗಿರಿ, ಹೊಳಲ್ಕೆರೆಯ ಅಡಿಕೆ ತೋಟ, ಹಿರಿಯೂರು, ಹೊಸದುರ್ಗದ ದಾಳಿಂಬೆ ತೋಟ, ಈ ನಾಲ್ಕೂ ಕಡೆ ಬೇಸಾಯ ಮಾಡುವವರು ಮತ್ತು ಬೇಸಾಯಕ್ಕೆ ಸಲಹೆ ಕೊಡುವವರು ಸೇರಿ ಈ ಪತ್ರ ಬರೆಯುತ್ತಿದ್ದೇವೆ. ಔಷಧಿ ಹೊಡೆಯುವುದನ್ನೇ ನಿಲ್ಲಿಸಿ ಎಂದು ನಾವು ಕೇಳುತ್ತಿಲ್ಲ. ಸೈನಿಕ ಹುಳು ಮೆಕ್ಕೆಜೋಳದ ಸುಳಿ ತಿನ್ನುತ್ತಿರುವಾಗ ರೈತನಿಗೆ ಹಾಗೆ ಹೇಳುವುದು ನ್ಯಾಯವಲ್ಲ. ಆದರೆ ಡಬ್ಬಿಯ ಲೇಬಲ್ಲಿನ ಬಣ್ಣದಲ್ಲಾಗಲಿ, ಅಂಗಡಿಯ ಸಲಹೆಯಲ್ಲಾಗಲಿ, ಸರ್ಕಾರ ಕೊಡುವ ಮಣ್ಣು ಆರೋಗ್ಯ ಚೀಟಿಯಲ್ಲಾಗಲಿ ಎರೆಹುಳುವಿನ ಲೆಕ್ಕವೇ ಇಲ್ಲ. ನಮ್ಮ ದೂರು ಅದು.

ನಮ್ಮ ಕಡೆ ಕಪ್ಪು ಮಣ್ಣಿಗೆ ಎರೆ ಎನ್ನುತ್ತೇವೆ. ಅದರೊಳಗಿನ ಹುಳುವಿಗೂ ಎರೆ ಎಂದೇ ಹೆಸರು. ಆ ಮಣ್ಣಿಗೆ ಈ ಹುಳು ಎಷ್ಟು ಬೇಕು ಎಂಬುದು ಮಳೆಗಾಲದಲ್ಲಿ ಗೊತ್ತಾಗುತ್ತದೆ. ಎರೆ ಭೂಮಿ ಬೇಸಿಗೆಯಲ್ಲಿ ಬಿರಿಯುತ್ತದೆ, ನಾಲ್ಕು ಮಳೆ ಬಿದ್ದರೆ ಉಬ್ಬಿ ಬಿರುಕು ಮುಚ್ಚಿಕೊಳ್ಳುತ್ತದೆ. ಮುಚ್ಚಿಕೊಂಡ ಮೇಲೆ ನೀರು ಕೆಳಗಿಳಿಯಲು ಉಳಿಯುವುದು ಹಳೆ ಬೇರು ಕೊಳೆತ ತೂತುಗಳು ಮತ್ತು ಎರೆಹುಳು ಕೊರೆದ ಬಿಲಗಳು. ಬಿಲದ ಗೋಡೆಗೆ ಹುಳು ತನ್ನ ಲೋಳೆ ಸವರಿರುವುದರಿಂದ ಅದು ಬೇಗ ಕುಸಿಯುವುದಿಲ್ಲ. ಈ ದಾರಿ ಇಲ್ಲದ ಹೊಲದಲ್ಲಿ ನೀರು ಎರಡು ದಿನ ನಿಲ್ಲುತ್ತದೆ, ಮೆಕ್ಕೆಜೋಳ ಹಳದಿಯಾಗುತ್ತದೆ, ರೈತ ಸಾರಜನಕ ಸಾಲದು ಎಂದುಕೊಂಡು ಇನ್ನೊಂದು ಚೀಲ ಯೂರಿಯಾ ತರುತ್ತಾನೆ. ಜಗಳೂರು, ಮೊಳಕಾಲ್ಮುರು ಕಡೆಯ ಕೆಂಪು ಮಸಾರಿಯಲ್ಲಿ ತೊಂದರೆ ಬೇರೆ ರೂಪದ್ದು: ಮಳೆ ನಿಂತು ಬಿಸಿಲು ಬಿದ್ದರೆ ಮೇಲ್ಪದರ ಹಪ್ಪಳದಂತೆ ಗಟ್ಟಿಯಾಗಿ ಶೇಂಗಾ ಮೊಳಕೆ ಮೇಲೇಳಲಾರದು. ಎರೆಹುಳು ಹಾಕಿದ ಹಿಕ್ಕೆಯ ಕಾಳುಗಳಿಂದ ಕೂಡಿದ ಮಣ್ಣು ಮಳೆಹನಿಯ ಪೆಟ್ಟಿಗೆ ಅಷ್ಟು ಸುಲಭವಾಗಿ ಕದಡಿ ಹೋಗುವುದಿಲ್ಲ. ಆ ಹಿಕ್ಕೆಯಲ್ಲಿ ಬೆಳೆಗೆ ಒದಗುವ ಸಾರಜನಕ, ರಂಜಕವೂ ಸುತ್ತಲಿನ ಮಣ್ಣಿಗಿಂತ ಹೆಚ್ಚಿರುತ್ತದೆ.

ಬೇಸಿಗೆಯಲ್ಲಿ ಈ ಹುಳುಗಳು ಆಳಕ್ಕಿಳಿದು, ಮುದ್ದೆಯಾಗಿ ಸುತ್ತಿಕೊಂಡು ಕಾಲ ಕಳೆಯುತ್ತವೆ. ಮುಂಗಾರಿನ ಹದ ಮಳೆಗೆ ಮೇಲೆ ಬಂದು ಮೇಯುತ್ತವೆ, ಕೂಡುತ್ತವೆ, ಮೊಟ್ಟೆಕೋಶ ಇಡುತ್ತವೆ. ನೇರವಾಗಿ ನೆಲಕ್ಕೆ ಬೀಳುವ ನಮ್ಮ ಔಷಧಿಗಳೂ ಅದೇ ದಿನಗಳಲ್ಲಿ ಬೀಳುತ್ತವೆ: ಬೀಜಕ್ಕೆ ಲೇಪಿಸಿದ ಥಯಾಮೆಥಾಕ್ಸಾಂ, ಇಮಿಡಾಕ್ಲೋಪ್ರಿಡ್ ಕೀಟನಾಶಕಗಳು, ಬಿತ್ತಿದ ಎರಡು ಮೂರು ದಿನಕ್ಕೆ ಹೊಡೆಯುವ ಕಳೆನಾಶಕ ಅಟ್ರಜಿನ್, ಮಡಿಗೆ ಎರಚುವ ಹರಳು. ಎರೆಹುಳುವಿಗೆ ಶ್ವಾಸಕೋಶವಿಲ್ಲ, ಅದು ಒದ್ದೆ ಚರ್ಮದಿಂದಲೇ ಉಸಿರಾಡುತ್ತದೆ. ಮಣ್ಣಿನ ನೀರಿನಲ್ಲಿ ಕರಗಿದ್ದು ಚರ್ಮದ ಮೂಲಕ ಒಳಗೆ ಹೋಗುತ್ತದೆ, ತಿಂದ ಮಣ್ಣಿನ ಜೊತೆ ಹೊಟ್ಟೆಗೂ ಹೋಗುತ್ತದೆ. ಎಲ್ಲ ಔಷಧಿಯೂ ಕಾರ್ಬೊಫ್ಯುರಾನ್‌ನಂತೆ ಒಂದೇ ರಾತ್ರಿಯಲ್ಲಿ ಕೊಲ್ಲುವುದಿಲ್ಲ. ಕೆಲವಕ್ಕೆ ಹುಳು ಸಾಯದೆ ಮೇವು ಬಿಡುತ್ತದೆ, ತೂಕ ಇಳಿಯುತ್ತದೆ, ಮೊಟ್ಟೆಕೋಶ ಇಡುವುದು ಕಡಿಮೆಯಾಗುತ್ತದೆ. ಎರಡು ಮೂರು ವರ್ಷ ಹೀಗೇ ಆದರೆ ಹೊಲ ಸದ್ದಿಲ್ಲದೆ ಖಾಲಿಯಾಗುತ್ತದೆ.

ಪ್ರಮಾಣದ ವಿಚಾರದಲ್ಲಿ ಆಗುತ್ತಿರುವ ತಪ್ಪನ್ನು ಸ್ವಲ್ಪ ಬಿಡಿಸಿ ಹೇಳಬೇಕು, ಏಕೆಂದರೆ ಇದನ್ನು ಖರ್ಚಿಲ್ಲದೆ ಸರಿಪಡಿಸಬಹುದು. 2018ರ ಮೇ ತಿಂಗಳಲ್ಲಿ ಫಾಲ್ ಸೈನಿಕ ಹುಳು ದೇಶದಲ್ಲೇ ಮೊದಲಿಗೆ ಪಕ್ಕದ ಶಿವಮೊಗ್ಗದ ಮೆಕ್ಕೆಜೋಳದಲ್ಲಿ ಕಾಣಿಸಿತು. ಆಮೇಲೆ ನಮ್ಮ ಹೊಲಗಳಿಗೆ ಹೊಸ ಔಷಧಿಗಳು ಬಂದವು. ಕ್ಲೋರಾಂಟ್ರಾನಿಲಿಪ್ರೋಲ್ ಶೇ 18.5ರದ್ದು ಲೀಟರಿಗೆ 0.4 ಮಿ.ಲೀ., ಎಮಾಮೆಕ್ಟಿನ್ ಬೆಂಜೊಯೇಟ್ ಶೇ 5ರದ್ದು ಲೀಟರಿಗೆ 0.4 ಗ್ರಾಂ. ಅಂದರೆ ಔಷಧಿ ಹೊಡೆಯುವ 16 ಲೀಟರಿನ ಕ್ಯಾನಿಗೆ ಆರೂವರೆಗಿಂತ ಹೆಚ್ಚು ಬೇಡ. ಆದರೆ ಕೈಗೆ ಕೂತಿರುವುದು ಹಳೆ ಕೀಟನಾಶಕ ಕ್ಲೋರ್‌ಪೈರಿಫಾಸ್ ಕಾಲದ ಅಳತೆ: ಲೀಟರಿಗೆ 2 ಮಿ.ಲೀ., ಕ್ಯಾನಿಗೆ 32. ಅದೇ ಅಳತೆಯಲ್ಲಿ ಹೊಸದನ್ನು ಸುರಿದರೆ 5 ಪಟ್ಟು ಆಯಿತು. ಲೀಟರಿಗೆ 0.3 ಮಿ.ಲೀ. ಸಾಕಾಗುವ ಇಮಿಡಾಕ್ಲೋಪ್ರಿಡ್‌ಗೆ 6 ಪಟ್ಟು ಮೀರಿತು. ಮುಚ್ಚಳದಲ್ಲಿ ಅಳೆಯುವವರೇ ಹೆಚ್ಚು, ಒಂದೊಂದು ಬಾಟಲಿಯ ಮುಚ್ಚಳ ಒಂದೊಂದು ಗಾತ್ರ. ಜೊತೆಗೆ ಮೂರು ನಾಲ್ಕು ಔಷಧಿ ಒಂದೇ ಕ್ಯಾನಿಗೆ ಸೇರಿಸಿ ಹೊಡೆಯುವ ರೂಢಿ. ಕ್ಲೋರಾಂಟ್ರಾನಿಲಿಪ್ರೋಲ್ ಎರೆಹುಳುವಿನ ಮಟ್ಟಿಗೆ ಹೆಚ್ಚು ಅಪಾಯದ್ದಲ್ಲ. ಅದೊಂದನ್ನೇ ಸರಿಯಾದ ಅಳತೆಯಲ್ಲಿ ಸುಳಿಗೆ ಬೀಳುವಂತೆ ಹೊಡೆದಿದ್ದರೆ ಮಣ್ಣಿಗೆ ಇಷ್ಟು ಪೆಟ್ಟು ಬೀಳುತ್ತಿರಲಿಲ್ಲ. ಅದರೊಟ್ಟಿಗೆ ಸುರಿದ ಉಳಿದವುಗಳಿಂದ ಕೆಡುತ್ತದೆ.

ಹರಳಿನ ವಿಷಯದಲ್ಲಿ ತಪ್ಪು ಇನ್ನೂ ಹಳೆಯದು. ಶೇ 3ರ ಕಾರ್ಬೊಫ್ಯುರಾನ್ ಎಕರೆಗೆ 10 ಕೆ.ಜಿ. ಎಂದರೆ 300 ಗ್ರಾಂ ಅಸಲಿ ವಿಷ. ಅದನ್ನು ಯೂರಿಯಾ ಚೀಲಕ್ಕೆ ಕಲಸಿ, ಗೊಬ್ಬರ ಎರಚುವಾಗ ಒಂದೇ ಕೆಲಸ ಎಂದು ಗದ್ದೆಗೆಲ್ಲ ಎರಚುತ್ತಾರೆ. ಕೀಟ ಇದೆಯೋ ಇಲ್ಲವೋ, ಯೂರಿಯಾ ಬಿದ್ದಲ್ಲೆಲ್ಲ ವಿಷವೂ ಬೀಳುತ್ತದೆ. ಎರಚುವ ಕೈ ಬದುವಿನ ಬಳಿ ನಿಲ್ಲುವುದೂ ಇಲ್ಲ. ಭತ್ತದ ಗದ್ದೆಯಲ್ಲಿ ನೀರು ನಿಂತ ತಿಂಗಳುಗಳಲ್ಲಿ ಎರೆಹುಳುಗಳಿಗೆ ಬದುವೇ ಆಸರೆ. ಕೊಯ್ಲಿಗೆ ನೀರು ಬಿಟ್ಟ ಮೇಲೆ ಅಲ್ಲಿಂದಲೇ ಅವು ಮತ್ತೆ ಗದ್ದೆಗಿಳಿಯುತ್ತವೆ. ಅದೇ ಬದುವಿಗೆ ಹುಲ್ಲು ಸಾಯಲಿ ಎಂದು ವರ್ಷಕ್ಕೆ ಎರಡು ಸಲ ಕಳೆನಾಶಕ ಹೊಡೆದು ಬೋಳು ಮಾಡುತ್ತೇವೆ. ನೆರಳೂ ಇಲ್ಲ, ತೇವವೂ ಇಲ್ಲ, ಮೇಯಲು ಕೊಳೆತ ಹುಲ್ಲೂ ಇಲ್ಲ. ಬೀಜದ ಕಣಜಕ್ಕೇ ಕೈ ಹಾಕಿದಂತಾಯಿತು.

ಇನ್ನು ಲೇಬಲ್ಲಿನ ಬಣ್ಣ. ಕೆಂಪು, ಹಳದಿ, ನೀಲಿ, ಹಸಿರು ತ್ರಿಕೋನಗಳು ಇಲಿಯಂಥ ಸಸ್ತನಿಗಳಿಗೆ ಎಷ್ಟು ಪ್ರಮಾಣದಲ್ಲಿ ಪ್ರಾಣಾಪಾಯ ಎಂಬ ಲೆಕ್ಕದ ಮೇಲೆ ನಿಂತಿವೆ. ಬಾಯಿಂದ ಹೋದಾಗ ಕೆ.ಜಿ. ತೂಕಕ್ಕೆ 50 ಮಿ.ಗ್ರಾಂ ಒಳಗೇ ಕೊಲ್ಲುವುದಾದರೆ ಕೆಂಪು, 5000 ಮಿ.ಗ್ರಾಂ ದಾಟಿದರೆ ಹಸಿರು. ಹೊಡೆಯುವ ಮನುಷ್ಯನ ರಕ್ಷಣೆಗೆ ಅದು ಬೇಕೇ ಬೇಕು. ಆದರೆ ಮಣ್ಣಿನ ಜೀವಿಗೆ ಏನಾಗುತ್ತದೆ ಎಂಬುದನ್ನು ಆ ಬಣ್ಣ ಹೇಳುವುದಿಲ್ಲ, ರೈತರು ಮಾತ್ರ ಅದನ್ನು ಎಲ್ಲಕ್ಕೂ ಅನ್ವಯಿಸಿಕೊಳ್ಳುತ್ತಾರೆ. ಶಿಲೀಂಧ್ರನಾಶಕ ಕಾರ್ಬೆಂಡಜಿಮ್ ಇದಕ್ಕೆ ಸರಿಯಾದ ಉದಾಹರಣೆ. ಮನುಷ್ಯನ ಲೆಕ್ಕದಲ್ಲಿ ಅದು ಸೌಮ್ಯ ಔಷಧಿ, ಎರೆಹುಳುವಿನ ಲೆಕ್ಕದಲ್ಲಿ ಅತ್ಯಂತ ಕೆಟ್ಟವುಗಳಲ್ಲಿ ಒಂದು. ಇಂಗ್ಲೆಂಡಿನ ಸೇಬಿನ ತೋಟಗಳಲ್ಲಿ ಬೆನೊಮಿಲ್ ಎಂಬ ಇನ್ನೊಂದು ಶಿಲೀಂಧ್ರನಾಶಕ ಹೊಡೆದ ಮೇಲೆ ಎರೆಹುಳು ಕಡಿಮೆಯಾಗಿ ಉದುರಿದ ಎಲೆ ಮಣ್ಣಿಗೆ ಸೇರದೆ ಉಳಿದದ್ದು 1970ರ ದಶಕದಲ್ಲೇ ದಾಖಲಾಗಿದೆ. 2018ರ ಆಗಸ್ಟ್ 8ರ ಆದೇಶದಲ್ಲಿ ಕೇಂದ್ರ ಸರ್ಕಾರ ಬೆನೊಮಿಲ್ ನಿಷೇಧಿಸಿತು. ಆದರೆ ಬೆನೊಮಿಲ್ ಮಣ್ಣಿಗೆ ಬಿದ್ದು ಒಡೆದಾಗ ಆಗುವುದೇ ಕಾರ್ಬೆಂಡಜಿಮ್. ಅದು ತನ್ನದೇ ಹೆಸರಿನಲ್ಲಿ ಎಲ್ಲ ಅಂಗಡಿಯಲ್ಲೂ ಸಿಗುತ್ತದೆ.

ಶೇಂಗಾ ಬೀಜಕ್ಕೆ ಕೆ.ಜಿ.ಗೆ 2 ಗ್ರಾಂ ಕಾರ್ಬೆಂಡಜಿಮ್ ಸವರುವುದರಿಂದ ದೊಡ್ಡ ಹಾನಿ ಎನ್ನಲಾರೆವು. ಎಕರೆಗೆ ನೂರು ನೂರಿಪ್ಪತ್ತು ಗ್ರಾಂನಲ್ಲಿ ಮುಗಿಯುತ್ತದೆ. ಹಿರಿಯೂರು, ಹೊಸದುರ್ಗದ ದಾಳಿಂಬೆಯಲ್ಲಿ ಆಗುವುದು ಬೇರೆ. ಸೊರಗು ರೋಗಕ್ಕೆ ಲೀಟರಿಗೆ 2 ಗ್ರಾಂ ಕಾರ್ಬೆಂಡಜಿಮ್, ಜೊತೆಗೆ ಕ್ಲೋರ್‌ಪೈರಿಫಾಸ್ ಬೆರೆಸಿ ಗಿಡದ ಬುಡಕ್ಕೆ 8ರಿಂದ 10 ಲೀಟರ್ ಸುರಿಯುತ್ತಾರೆ. ಒಂದು ಗಿಡಕ್ಕೇ 16ರಿಂದ 20 ಗ್ರಾಂ ಪುಡಿ. ಆ ಒಣ ನೆಲದಲ್ಲಿ ವರ್ಷವಿಡೀ ತೇವ ಇರುವುದು ಹನಿ ನೀರಾವರಿಯ ತೂತಿನ ಕೆಳಗಿನ ಒಂದೆರಡು ಅಡಿ ಜಾಗದಲ್ಲಿ ಮಾತ್ರ. ತೋಟದ ಎರೆಹುಳುಗಳೆಲ್ಲ ಬಂದು ಸೇರಿರುವುದು ಅಲ್ಲೇ, ಔಷಧಿ ಸುರಿಯುವುದೂ ಅಲ್ಲಿಗೇ. ರೋಗ ತಗುಲಿದ ಗಿಡ ಮತ್ತು ಅದರ ಸುತ್ತಲಿನ ಗಿಡಗಳಿಗಷ್ಟೇ ಹಾಕಬೇಕಾದ್ದನ್ನು ಮುಂಜಾಗ್ರತೆ ಎಂದು ಇಡೀ ತೋಟಕ್ಕೆ ಹಾಕಿಸುವ ಸಲಹೆ ಅಂಗಡಿಗಳಿಂದ ಬರುತ್ತಿದೆ. ಇದನ್ನು ತಡೆಯಲು ಸಾಧ್ಯವಿದೆ.

ತಾಮ್ರದ ಬಗ್ಗೆ ಮಾತಾಡುವವರು ಕಡಿಮೆ. ತಾಮ್ರದ ಶಿಲೀಂಧ್ರನಾಶಕವಾದ ಬೋರ್ಡೋ ದ್ರಾವಣ ಹಳೆಯದು, ನಂಬಿಕೆಯದು, ಸಾವಯವ ತೋಟದಲ್ಲೂ ಬಳಸುವಂಥದು. ಶೇ 1ರ ದ್ರಾವಣಕ್ಕೆ 100 ಲೀಟರ್ ನೀರಿಗೆ 1 ಕೆ.ಜಿ. ಮೈಲುತುತ್ತ (ತಾಮ್ರದ ಸಲ್ಫೇಟ್), 1 ಕೆ.ಜಿ. ಸುಣ್ಣ. ಮೈಲುತುತ್ತದಲ್ಲಿ ಕಾಲು ಭಾಗ ತಾಮ್ರ. ಎಕರೆಗೆ 400 ಲೀಟರ್ ಹೊಡೆದರೆ 1 ಕೆ.ಜಿ. ತಾಮ್ರ ತೋಟಕ್ಕೆ ಸೇರಿತು. ವರ್ಷಕ್ಕೆ ನಾಲ್ಕು ಸಲದಂತೆ 10 ವರ್ಷಕ್ಕೆ 40 ಕೆ.ಜಿ. ಬೇರೆ ಔಷಧಿ ತಿಂಗಳಿಗೋ ವರ್ಷಕ್ಕೋ ಒಡೆದು ಹೋಗುತ್ತದೆ, ತಾಮ್ರ ಒಡೆಯುವ ವಸ್ತುವಲ್ಲ. ಒಂದು ಎಕರೆಯ ಮೇಲಿನ 6 ಇಂಚು ಮಣ್ಣು ಸುಮಾರು 900 ಟನ್ ತೂಗುತ್ತದೆ. ಸಮನಾಗಿ ಹರಡಿದರೂ ಕೆ.ಜಿ. ಮಣ್ಣಿಗೆ 40 ಮಿ.ಗ್ರಾಂ ದಾಟುತ್ತದೆ. ಉಳುಮೆ ಇಲ್ಲದ ತೋಟದಲ್ಲಿ ಅದು ಸಮನಾಗಿ ಹರಡುವುದಿಲ್ಲ, ಮೇಲಿನ ಒಂದೆರಡು ಇಂಚಿನಲ್ಲೇ ನಿಲ್ಲುತ್ತದೆ. ಕೆ.ಜಿ.ಗೆ 100 ಮಿ.ಗ್ರಾಂ ಒಳಗೇ ಎರೆಹುಳು ಮೊಟ್ಟೆಕೋಶ ಇಡುವುದು ಕುಸಿಯುವುದನ್ನು ಪ್ರಯೋಗಗಳು ತೋರಿಸಿವೆ. ಜೇಡಿ ಹೆಚ್ಚಿರುವ ಎರೆ ಮಣ್ಣು ತಾಮ್ರವನ್ನು ಹಿಡಿದಿಟ್ಟು ಸ್ವಲ್ಪ ಕಾಪಾಡುತ್ತದೆ. ಕೆಂಪು ಮಣ್ಣಿಗೆ ಆ ಶಕ್ತಿ ಕಡಿಮೆ. ದ್ರಾವಣ ಮಾಡುವಲ್ಲೂ ತಪ್ಪಾಗುತ್ತದೆ. ಅರಳದ ಹಳೆ ಸುಣ್ಣ ಹಾಕಿದರೆ ತಾಮ್ರ ಬಿಡಿಯಾಗಿ ಉಳಿಯುತ್ತದೆ. ಕುಡುಗೋಲನ್ನು ಅದ್ದಿ ತೆಗೆದಾಗ ಕೆಂಪು ಲೇಪ ಬಂದರೆ ಸುಣ್ಣ ಸಾಲದು ಎಂದರ್ಥ. ಈ ಪರೀಕ್ಷೆ ಮಾಡುವವರು ವಿರಳ. ಡ್ರಮ್ಮಿನ ತಳದಲ್ಲಿ ಉಳಿದ ನೀಲಿ ಗಸಿಯನ್ನು ತೋಟದ ಒಂದೇ ಮೂಲೆಗೆ ಚೆಲ್ಲುತ್ತಾರೆ. ಆ ಮೂಲೆಯಲ್ಲಿ ಹುಲ್ಲು ಕೂಡ ಬರುವುದಿಲ್ಲ.

ಎರೆಹುಳು ಹೋದರೇನಂತೆ, ಎರೆಗೊಬ್ಬರ ಇದೆಯಲ್ಲ ಎಂಬ ಮಾತು ಸಭೆಗಳಲ್ಲಿ ಕೇಳಿಬರುತ್ತದೆ. ತೊಟ್ಟಿಯ ಹುಳು ಬೇರೆ, ಹೊಲದ ಹುಳು ಬೇರೆ. ಗೊಬ್ಬರದ ತೊಟ್ಟಿಯಲ್ಲಿ ಸಾಕುವ ಐಸೀನಿಯಾ ಫೆಟಿಡಾ, ಆಫ್ರಿಕಾದಿಂದ ಬಂದ ಯುಡ್ರಿಲಸ್ ಕೊಳೆತ ಸಗಣಿ, ಎಲೆಗಳಲ್ಲಿ ಬದುಕುವಂಥವು. ಬರೀ ಮಣ್ಣಿಗೆ ಬಿಟ್ಟರೆ ಉಳಿಯುವುದಿಲ್ಲ. ಹೊಲದಲ್ಲಿ ಬಿಲ ಕೊರೆಯುವುದು ಲ್ಯಾಂಪಿಟೊ ಮಾರಿಟಿಯಂಥ ಬೇರೆ ಜಾತಿ. ತೊಟ್ಟಿಗೆ ಸಹಾಯಧನ ಕೊಡುವುದು ಒಳ್ಳೆಯದೇ, ಗೊಬ್ಬರ ಬೇಕು. ಅದರಿಂದ ಹೊಲದ ಹುಳು ವಾಪಸು ಬಂತು ಎಂದು ಬರೆದುಕೊಂಡರೆ ಲೆಕ್ಕ ತಪ್ಪುತ್ತದೆ. ಔಷಧಿಗಳ ಪರೀಕ್ಷೆಯಲ್ಲೂ ಇದೇ ಗೊಂದಲ ಹೊಕ್ಕಿದೆ. ಎರೆಹುಳುವಿಗೆ ಅಪಾಯವೇ ಎಂದು ನೋಡುವ ಜಾಗತಿಕ ಪದ್ಧತಿಯಲ್ಲಿ ಬಳಸುವುದು ಹೆಚ್ಚಾಗಿ ಅದೇ ತೊಟ್ಟಿಯ ಹುಳು. ಮರಳು, ಜೇಡಿ, ಪೀಟ್ (ಅರೆ ಕೊಳೆತ ಪಾಚಿಯ ಪುಡಿ) ಬೆರೆಸಿದ ಕೃತಕ ಮಣ್ಣು. 20 ಡಿಗ್ರಿ ಉಷ್ಣತೆ. ಸಾವಿನ ಎಣಿಕೆಗೆ 14 ದಿನ. ಹೊಲದ ಜಾತಿಗಳು ಹಲವು ಔಷಧಿಗಳಿಗೆ ಐಸೀನಿಯಾಗಿಂತ ಬೇಗ ತುತ್ತಾಗುತ್ತವೆ. ನಮ್ಮ ಮಣ್ಣು ಬೇರೆ, ಬಿಸಿಲು ಬೇರೆ.

ಔಷಧಿಯೊಂದೇ ಕಾರಣ ಎಂದು ನಾವು ಹೇಳುವುದಿಲ್ಲ. ರೋಟವೇಟರ್ ಹೊಡೆತ, ಮೆಕ್ಕೆಜೋಳದ ದಂಟು, ರವದಿಗೆ ಬೆಂಕಿ, ಕೊಟ್ಟಿಗೆ ಗೊಬ್ಬರ ಕಾಣದ ಹೊಲ, ಇವೂ ಸೇರಿವೆ. ಮೇವಿಲ್ಲದ ಹೊಲದಲ್ಲಿ ವಿಷ ಹಾಕುವುದು ನಿಂತರೂ ಹುಳು ಬರುವುದಿಲ್ಲ.

ಈಗ ಮಣ್ಣು ಆರೋಗ್ಯ ಚೀಟಿಯ ಮಾತು. 2015ರ ಫೆಬ್ರವರಿಯಲ್ಲಿ ಆರಂಭವಾದ ಈ ಯೋಜನೆಯಲ್ಲಿ 12 ಅಂಶ ಅಳೆಯುತ್ತಾರೆ: ಸಾರಜನಕ, ರಂಜಕ, ಪೊಟ್ಯಾಷ್, ಗಂಧಕ, ಸತು, ಕಬ್ಬಿಣ, ತಾಮ್ರ, ಮ್ಯಾಂಗನೀಸ್, ಬೋರಾನ್, ರಸಸಾರ, ಲವಣಾಂಶ, ಸಾವಯವ ಇಂಗಾಲ. ಹೆಸರು ಆರೋಗ್ಯದ್ದು, ಜೀವ ಇರುವ ಒಂದೂ ಅಂಶ ಅದರಲ್ಲಿಲ್ಲ. ತಾಮ್ರದ ಸಾಲನ್ನೇ ನೋಡಿ. ಕೆ.ಜಿ.ಗೆ 0.2 ಮಿ.ಗ್ರಾಂಗಿಂತ ಕಡಿಮೆಯಿದ್ದರೆ ಕೊರತೆ, ಮೇಲಿದ್ದರೆ ಸಾಕಷ್ಟಿದೆ. ಹೆಚ್ಚಾಗಿದೆ ಎಂದು ಎಚ್ಚರಿಸುವ ಗೆರೆ ಅಲ್ಲಿಲ್ಲ. 10 ವರ್ಷ ಬೋರ್ಡೋ ಕುಡಿದ ತೋಟಕ್ಕೂ ಚೀಟಿ ಸಾಕಷ್ಟಿದೆ ಎಂದೇ ಹೇಳುತ್ತದೆ.

ಎರೆಹುಳು ಎಣಿಸಲು ಪ್ರಯೋಗಾಲಯ ಬೇಡ. ಒಂದು ಸಲಿಕೆ, ಒಂದು ಗೋಣಿತಾಟು, ಅಳತೆ ಪಟ್ಟಿ ಸಾಕು. 25 ಸೆಂ.ಮೀ. ಉದ್ದ, ಅಷ್ಟೇ ಅಗಲ, 30 ಸೆಂ.ಮೀ. ಆಳದ ಗುಂಡಿ ತೋಡಿ, ಮಣ್ಣನ್ನು ತಾಟಿನ ಮೇಲೆ ಹಾಕಿ, ಹೆಂಟೆಯನ್ನು ಕೈಯಲ್ಲೇ ಒಡೆದು ಹುಳು ಆರಿಸಬೇಕು. ಸಿಕ್ಕಿದ್ದನ್ನು 16ರಿಂದ ಗುಣಿಸಿದರೆ ಒಂದು ಚದರ ಮೀಟರಿನ ಲೆಕ್ಕ. ಹೊಲಕ್ಕೆ ಐದು ಗುಂಡಿ, ಅದರಲ್ಲಿ ಒಂದು ಬದುವಿನ ಪಕ್ಕದಲ್ಲಿ. ತಿಪ್ಪೆಯ ಹತ್ತಿರ, ಮರದ ನೆರಳಿನಲ್ಲಿ ಬೇಡ. ಆಳದಲ್ಲಿರುವವನ್ನು ಮೇಲೆ ತರಲು ಲೀಟರ್ ನೀರಿಗೆ 10 ಗ್ರಾಂ ಸಾಸಿವೆ ಪುಡಿ ಕದಡಿ ಗುಂಡಿಗೆ ಎರಡು ಲೀಟರ್ ಸುರಿದು ಕಾಲು ಗಂಟೆ ಕಾಯಬೇಕು. ಬಂದವನ್ನು ಬರೀ ನೀರಿನಲ್ಲಿ ತೊಳೆದು ಬಿಡಬೇಕು. ಮೈಮೇಲೆ ಉಂಗುರದಂಥ ಪಟ್ಟಿ ಇರುವವು ಬೆಳೆದವು, ಇಲ್ಲದವು ಮರಿ. ಎರಡನ್ನೂ ಬೇರೆ ಬೇರೆ ಬರೆದುಕೊಳ್ಳುವುದು ಮುಖ್ಯ. ಬೆಳೆದವೇ ಇದ್ದು ಮರಿ ಇಲ್ಲದಿದ್ದರೆ ಆ ಹೊಲದಲ್ಲಿ ಸಂತಾನ ನಿಂತಿದೆಯೇ ಎಂದು ಅನುಮಾನಿಸಬೇಕು. ಒಂದು ಎಚ್ಚರಿಕೆ: ಚೀಟಿಗಾಗಿ ಮಣ್ಣು ತೆಗೆಯುವುದು ಬೇಸಿಗೆಯಲ್ಲಿ, ಆಗ ಹುಳು ಆಳಕ್ಕಿಳಿದಿರುತ್ತದೆ. ಆ ಸಮಯದಲ್ಲೇ ಎಣಿಸಿದರೆ ಎಲ್ಲ ಹೊಲಕ್ಕೂ ಸೊನ್ನೆ ಬಂದು, ಎಣಿಕೆಯೇ ವ್ಯರ್ಥ ಎಂಬ ತೀರ್ಮಾನವಾಗುತ್ತದೆ. ಜುಲೈನಿಂದ ಸೆಪ್ಟೆಂಬರ್ ಒಳಗೆ, ಹದ ಮಳೆಯಾದ ಎರಡು ಮೂರು ದಿನಕ್ಕೆ, ಬೆಳಿಗ್ಗೆ 9ರ ಒಳಗೆ ಎಣಿಸಬೇಕು.

ಆದ್ದರಿಂದ ನಮ್ಮ ಕೋರಿಕೆಗಳು ಇವು. ಎರಡೂ ಜಿಲ್ಲೆಯಲ್ಲಿ ತಲಾ ಎರಡು ಹೋಬಳಿ ಆರಿಸಿ, ತರಳಬಾಳು ಕೃಷಿ ವಿಜ್ಞಾನ ಕೇಂದ್ರ ಮತ್ತು ಬಬ್ಬೂರು ಫಾರಂನ ಕೃಷಿ ವಿಜ್ಞಾನ ಕೇಂದ್ರದ ತಜ್ಞರ ಜೊತೆ ಈ ಮುಂಗಾರಿನಲ್ಲೇ ಎರೆಹುಳು ಎಣಿಕೆ ನಡೆಸಿ, ಅದನ್ನು ಚೀಟಿಯ ಜೊತೆ ಒಂದು ಹೆಚ್ಚುವರಿ ಸಾಲಾಗಿ ರೈತರಿಗೆ ಕೊಡಿ. 12 ಅಂಶದ ನಮೂನೆ ದೆಹಲಿಯದು, ತಿದ್ದುವುದು ನಿಮ್ಮ ಕೈಲಿಲ್ಲ ಎಂದು ಬಲ್ಲೆವು. ಹಿಂಬದಿಯಲ್ಲಿ ಒಂದು ಮೊಹರು ಹಾಕಿ ಸಂಖ್ಯೆ ಬರೆಯುವುದಕ್ಕೆ ಯಾರ ಅಡ್ಡಿಯೂ ಇರಲಾರದು.

ಪ್ರತಿ ರೈತ ಸಂಪರ್ಕ ಕೇಂದ್ರದಲ್ಲಿ, ಪ್ರತಿ ಔಷಧಿ ಅಂಗಡಿಯಲ್ಲಿ ಕನ್ನಡದಲ್ಲಿ ಒಂದು ಫಲಕ ಹಾಕಿಸಿ. ಯಾವ ಔಷಧಿ 16 ಲೀಟರಿನ ಕ್ಯಾನಿಗೆ ಎಷ್ಟು ಮಿ.ಲೀ., ಯಾವುದು ಎರೆಹುಳುವಿಗೆ ಹೆಚ್ಚು ಅಪಾಯ, ಇಷ್ಟಿದ್ದರೆ ಸಾಕು. ಬಿಲ್ಲಿನ ಮೇಲೂ ಕ್ಯಾನಿನ ಅಳತೆ, ಬೆಳೆ, ಕೀಟದ ಹೆಸರು ಬರೆಸಿ. ಮಾರಾಟಗಾರರಿಗೆ ನಡೆಯುವ ಒಂದು ವರ್ಷದ ಡೇಸಿ ಡಿಪ್ಲೊಮಾದಲ್ಲಿ ಒಂದು ದಿನವನ್ನು ಗುಂಡಿ ತೋಡಿ ಹುಳು ಎಣಿಸಲು ಮೀಸಲಿಡಿ. ಸಲಹೆ ಕೊಡುವವರು ಒಮ್ಮೆ ಕಣ್ಣಾರೆ ನೋಡಿದರೆ ಮಾತು ಬದಲಾಗುತ್ತದೆ.

ಹರಳನ್ನು ಯೂರಿಯಾಕ್ಕೆ ಕಲಸಬಾರದು ಎಂಬ ಸೂಚನೆ ಹೋಬಳಿ ಮಟ್ಟದವರೆಗೆ ಹೋಗಲಿ. ಇನ್ನೊಂದು ಹರಳು ಕೀಟನಾಶಕ ಫೋರೇಟ್ 2020ರ ಡಿಸೆಂಬರ್ 31ರಿಂದ ನಿಷೇಧವಾಗಿದೆ. ಹಳೆ ದಾಸ್ತಾನು ಬೇರೆ ಚೀಲದಲ್ಲಿ ತಿರುಗಾಡುತ್ತಿದೆಯೇ ಎಂದು ಬಿತ್ತನೆಗೆ ಮುಂಚೆ ಪರಿವೀಕ್ಷಕರಿಂದ ತಪಾಸಣೆ ಮಾಡಿಸಿ. ಸೈನಿಕ ಹುಳುವಿಗೆ ಮೊದಲ ಸುತ್ತಿನಲ್ಲಿ ಶೇ 0.15ರ ಬೇವಿನ ಔಷಧಿ ಲೀಟರಿಗೆ 5 ಮಿ.ಲೀ., ಅಥವಾ ಹುಳುವಿಗೆ ರೋಗ ತರುವ ಶಿಲೀಂಧ್ರವಾದ ಮೆಟಾರೈಜಿಯಂ ರಿಲೈ ಲೀಟರಿಗೆ 5 ಗ್ರಾಂ ಬಿತ್ತನೆಯ ಸಮಯಕ್ಕೇ ರೈತ ಸಂಪರ್ಕ ಕೇಂದ್ರಗಳಲ್ಲಿ ಸಿಗುವಂತಾಗಲಿ. ಹುಳು ಬಲಿತ ಮೇಲೆ ಬಂದರೆ ಅವು ಕೆಲಸ ಮಾಡುವುದಿಲ್ಲ, ಕೆಲಸ ಮಾಡಲಿಲ್ಲ ಎಂಬ ಹೆಸರು ಮಾತ್ರ ಉಳಿಯುತ್ತದೆ.

ತೋಟಗಾರಿಕೆ ಇಲಾಖೆಯೊಂದಿಗೆ ಮಾತಾಡಿ, 10 ವರ್ಷ ದಾಟಿದ ಅಡಿಕೆ, ದಾಳಿಂಬೆ ತೋಟಗಳ ಮೇಲಿನ 2 ಇಂಚು ಮಣ್ಣಿನಲ್ಲಿ ಒಟ್ಟು ತಾಮ್ರ ಎಷ್ಟಿದೆ ಎಂದು ಅಳೆಸಿ. ನಮ್ಮ ಹೊಲದ ಜಾತಿಯ ಹುಳು, ನಮ್ಮ ಎರೆ ಮತ್ತು ಮಸಾರಿ ಮಣ್ಣು ಬಳಸಿ ಇಲ್ಲಿ ಹೆಚ್ಚು ಮಾರಾಟವಾಗುವ ಔಷಧಿಗಳ ಪರೀಕ್ಷೆ ನಡೆಸುವಂತೆ ಶಿವಮೊಗ್ಗದ ಕೆಳದಿ ಶಿವಪ್ಪ ನಾಯಕ ಕೃಷಿ ಮತ್ತು ತೋಟಗಾರಿಕೆ ವಿಶ್ವವಿದ್ಯಾಲಯಕ್ಕೆ ಬರೆಯಿರಿ. ಕತ್ತಲಗೆರೆಯಲ್ಲಿ ಅವರದೇ ಸಂಶೋಧನಾ ಕೇಂದ್ರ ಇದೆ, ಮಣ್ಣು ದೂರದಿಂದ ತರಬೇಕಿಲ್ಲ.

ಗುಂಡಿ ತೋಡಲು ನಮ್ಮ ಹೊಲಗಳನ್ನು ಕೊಡುತ್ತೇವೆ, ಆಳುಗಳ ಖರ್ಚೂ ನಮ್ಮದೇ. ಹುಳು ಇರುವ ಹೊಲವನ್ನಷ್ಟೇ ಅಲ್ಲ, ಐದೂ ಗುಂಡಿಯಲ್ಲಿ ಒಂದೂ ಸಿಗದ ಹೊಲವನ್ನೂ, ಅಲ್ಲಿ ಯಾವ ವರ್ಷ ಏನೇನು ಹೊಡೆದಿದ್ದೇವೆ ಎಂಬ ಪಟ್ಟಿಯನ್ನೂ ತೋರಿಸುತ್ತೇವೆ. ಮುಂಗಾರು ಹದಕ್ಕೆ ಬರುವ ಮುಂಚೆ ತಮ್ಮ ಉತ್ತರ ಬಂದರೆ ಈ ಜುಲೈನಲ್ಲೇ ಶುರು ಮಾಡಬಹುದು.

ತಮ್ಮ ವಿಶ್ವಾಸಿಗಳು,
ದಾವಣಗೆರೆ ಮತ್ತು ಚಿತ್ರದುರ್ಗ ಜಿಲ್ಲೆಗಳ ಕೆಲವು ರೈತರು ಮತ್ತು ಕೃಷಿ ಪದವೀಧರರು